ಒಡತಿಯೇ ಪರವಶಳಾದಾಗ ಮನೋಬಂಧದ ಪ್ರಾಣಿ ಯಾರ ಮಾತು ಕೇಳಬೇಕು?

ಪ್ರಶ್ನೆ: ನಾನೊಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ಕಥಾನಾಯಕಿ ಹೊನ್ನಿಗೂ ಅವಳು ಮರಿಯಿಂದ ಸಾಕಿದ ಒಂದು ಕೆನ್ನಾಯಿಗೂ ಮನಸ್ಸಿನಿಂದ ಮನಸ್ಸಿಗೇ ಮಾತು ನಡೆಯುತ್ತದೆ. ಕಥೆಯ ನಡುವೆ ಒಬ್ಬ ಮಾಂತ್ರಿಕ ಹೊನ್ನಿಯ ಮನಸ್ಸನ್ನು ವಶಪಡಿಸಿಕೊಂಡು, ಅವಳ ಕೈಯಿಂದಲೇ ಅವಳೂರಿನ ಕೋಟೆಬಾಗಿಲನ್ನು ತೆರೆಸಲು ಹೊರಡುತ್ತಾನೆ. ಆಗ ಕೆನ್ನಾಯಿ ಏನು ಮಾಡಬೇಕು? ಅವಳ ಆದೇಶ ಪಾಲಿಸಿದರೆ ಅದು ಬುದ್ಧಿಯಿಲ್ಲದ ಆಯುಧವಾಗುತ್ತದೆ, ಪಾಲಿಸದಿದ್ದರೆ ಅದರ ನಿಷ್ಠೆಯೇ ಸುಳ್ಳಾಗುತ್ತದೆ ಎಂದು ನನ್ನ ಗೆಳೆಯರು ವಾದಿಸುತ್ತಾರೆ. ಇದೇ ಕಥೆಯನ್ನು ನಾವು ಡೈಸ್ ಉರುಳಿಸುವ ರೋಲ್‌ಪ್ಲೇಯಿಂಗ್ ಆಟವಾಗಿಯೂ ಆಡುತ್ತಿದ್ದೇವೆ. ಆದ್ದರಿಂದ ಆಟದ ನಿಯಮಗಳ ದೃಷ್ಟಿಯಿಂದಲೂ ತಿಳಿಸಿ.

ಉತ್ತರ: ನಿಮ್ಮ ಗೆಳೆಯರು ವಿಧೇಯತೆಯನ್ನೂ ನಿಷ್ಠೆಯನ್ನೂ ಒಂದೇ ಎಂದು ಎಣಿಸಿ ವಾದ ಹೂಡಿದ್ದಾರೆ, ತೊಡಕು ಹುಟ್ಟಿರುವುದು ಅಲ್ಲಿಯೇ. ಆದೇಶವೆಂಬುದು ಒಡತಿಯ ಇಚ್ಛೆ ಪ್ರಾಣಿಯನ್ನು ಮುಟ್ಟುವ ಹಲವು ದಾರಿಗಳಲ್ಲಿ ಒಂದು ಮಾತ್ರ. ಆ ದಾರಿ ಇನ್ನೊಬ್ಬನ ಕೈಗೆ ಸಿಕ್ಕಿದ ಮೇಲೂ ಅದರಲ್ಲಿ ಬಂದುದನ್ನೆಲ್ಲ ಅವಳ ಇಚ್ಛೆಯೆಂದೇ ಒಪ್ಪಿಕೊಳ್ಳಬೇಕಾದ ಹಂಗು ನಿಷ್ಠೆಗಿಲ್ಲ. ಹಾಗಾಗಿ ಕೆನ್ನಾಯಿ ಆ ಆದೇಶವನ್ನು ಮೀರಬಹುದು, ನಿಮ್ಮ ಕಥೆಯಲ್ಲಿ ಮೀರಲೇಬೇಕು ಎಂಬುದು ನನ್ನ ನೇರ ಉತ್ತರ. ಆದರೆ ಇದರಿಂದ ಸಮಸ್ಯೆಯ ಅರ್ಧ ಮಾತ್ರ ಬಗೆಹರಿಯುತ್ತದೆ. ಒಡತಿ ಪರವಶಳಾಗಿದ್ದಾಳೆಂಬುದು ಅದಕ್ಕೆ ಹೇಗೆ ತಿಳಿಯುತ್ತದೆ, ತಿಳಿದ ಮೇಲೆ ಎಷ್ಟರಮಟ್ಟಿಗೆ ಮೀರುವ ಹಕ್ಕು ಅದಕ್ಕಿದೆ ಎಂಬ ಎರಡು ಸಂಗತಿಗಳನ್ನು ನೀವು ಮೊದಲೇ ನಿರ್ಧರಿಸಿಕೊಳ್ಳದಿದ್ದರೆ, ಕೋಟೆಬಾಗಿಲಿನ ದೃಶ್ಯದಲ್ಲಿ ಕೆನ್ನಾಯಿ ಮಾಡುವುದೆಲ್ಲ ಲೇಖಕನ ಅನುಕೂಲಕ್ಕೆಂದು ಮಾಡಿದಂತೆ ಕಾಣುತ್ತದೆ.

ಮೊದಲಿಗೆ, ಈ ಮನೋಬಂಧದಲ್ಲಿ ಹರಿಯುವುದು ಏನು ಎಂದು ಕೇಳಿಕೊಳ್ಳಿ. ಬರಿಯ ಮಾತು ಹರಿಯುವುದಾದರೆ, ಅಂದರೆ 'ಬಾ', 'ಹಿಡಿ', 'ಬಿಡು' ಎಂಬ ಆದೇಶಗಳಷ್ಟೇ ದಾಟುವುದಾದರೆ, ಹೊನ್ನಿಯ ಮನಸ್ಸಿನಲ್ಲಿ ಕುಳಿತ ಮಾಂತ್ರಿಕನಿಗೆ ಕೆನ್ನಾಯಿಯನ್ನು ವಂಚಿಸುವುದು ಬಹಳ ಸುಲಭ. ಮಾತಿನ ಜತೆಗೆ ಭಾವ, ದಣಿವು, ನೋವು, ಅರೆನೆನಪುಗಳೂ ಹರಿಯುವುದಾದರೆ ಆದೇಶ ಒಂದು ಕಡೆಗೂ ಅದರ ಹಿಂದಿನ ಭಾವ ಇನ್ನೊಂದು ಕಡೆಗೂ ಎಳೆಯುವುದು ಪ್ರಾಣಿಗೆ ಗೊತ್ತಾಗಿಯೇ ತೀರುತ್ತದೆ. ಫ್ಯಾಂಟಸಿ ಬರೆಯುವವರಲ್ಲಿ ಹೆಚ್ಚಿನವರು ಬಂಧವನ್ನು ಮೊದಲ ಅಧ್ಯಾಯಗಳಲ್ಲಿ ಎರಡನೆಯ ಬಗೆಯದಾಗಿ ಚಿತ್ರಿಸುತ್ತಾರೆ, ಬಿಕ್ಕಟ್ಟು ಬಂದಾಗ ಮಾತ್ರ ಮೊದಲನೆಯ ಬಗೆಯದಾಗಿ ಬಳಸಿಕೊಳ್ಳುತ್ತಾರೆ. ಒಡತಿಯ ಮೊಣಕಾಲು ತರಚಿದರೆ ಮೂರು ಹರದಾರಿ ದೂರದಿಂದ ಓಡಿಬರುತ್ತಿದ್ದ ಪ್ರಾಣಿಗೆ ಅವಳ ಮನಸ್ಸಿನೊಳಗೆ ಬೇರೊಬ್ಬ ಬಂದು ಕುಳಿತದ್ದು ತಿಳಿಯಲೇ ಇಲ್ಲವೆಂದರೆ ಓದುಗರು ನಂಬುವುದಿಲ್ಲ.

ಎರಡನೆಯದಾಗಿ, 'ವಶ' ಎಂಬುದು ಒಂದೇ ಬಗೆಯದಲ್ಲ. ಬಲವಂತದ ವಶದಲ್ಲಿ ಹೊನ್ನಿಗೆ ಒಳಗೊಳಗೇ ಎಚ್ಚರವಿರುತ್ತದೆ, ಆದರೆ ಕೈಕಾಲು, ನಾಲಿಗೆ ಅವಳ ಮಾತು ಕೇಳುವುದಿಲ್ಲ. ಮರುಳಿನ ವಶದಲ್ಲಿ ಮಾಂತ್ರಿಕ ಅವಳಿಗೆ ನಿಜವಾಗಿಯೂ ಆಪ್ತನೆಂದು ತೋರುತ್ತಾನೆ, ಬಾಗಿಲು ತೆರೆಯುವುದೇ ಊರಿಗೆ ಒಳಿತೆಂದು ಅವಳು ಮನಸಾರೆ ನಂಬಿರುತ್ತಾಳೆ. ಇನ್ನು ಪರಕಾಯ ಪ್ರವೇಶದಲ್ಲಿ ಒಳಗಿರುವವನೇ ಬೇರೆ. ಈ ಮೂರರಲ್ಲಿ ಪ್ರಾಣಿಗೆ ಅತ್ಯಂತ ಕಷ್ಟದ್ದು ಮರುಳು. ಪರಕಾಯ ಪ್ರವೇಶವಾದರೆ ಬಂಧದ ಆ ತುದಿಯಲ್ಲಿ ಅಪರಿಚಿತನಿರುತ್ತಾನೆ, ಅನುಮಾನಕ್ಕೆ ಎಡೆಯೇ ಇಲ್ಲ. ಬಲವಂತವಾದರೆ ಆದೇಶದ ಅಡಿಯಲ್ಲಿ ಭಯದ ಕೂಗು ಕೇಳುತ್ತದೆ. ಮರುಳಿನಲ್ಲಿ ಹಾಗಲ್ಲ: ಆದೇಶವೂ ಅವಳದೇ, ಭಾವವೂ ಅವಳದೇ, ಸಂತೋಷವೂ ಅವಳದೇ. ಅದನ್ನು ಸುಳ್ಳೆಂದು ತೋರಿಸುವುದು ಅವಳ ಹಿಂದಿನ ನಡೆ ಒಂದೇ. ನೀವು ಯಾವುದನ್ನು ಆರಿಸಿಕೊಳ್ಳುತ್ತೀರೆಂಬುದು ನಿಮಗೆ ಬಿಟ್ಟದ್ದು. ನನ್ನನ್ನು ಕೇಳಿದರೆ ಕಾದಂಬರಿಗೆ ಮರುಳೇ ಮೇಲು, ಏಕೆಂದರೆ ಕೆನ್ನಾಯಿ ಅಲ್ಲಿ ಕೇವಲ ಗುರುತಿಸಿದರೆ ಸಾಲದು, ತೀರ್ಮಾನವನ್ನೂ ಮಾಡಬೇಕಾಗುತ್ತದೆ.

ಈ ಪ್ರಶ್ನೆ ನಮಗೆ ಹೊಸದೇನೂ ಅಲ್ಲ. ಮಹಾಭಾರತದ ವನಪರ್ವದಲ್ಲಿ ಬೃಹದಶ್ವ ಮುನಿ ಧರ್ಮರಾಯನಿಗೆ ಹೇಳುವ ನಳನ ಕಥೆಯನ್ನು ಈ ಕಣ್ಣಿನಿಂದ ಇನ್ನೊಮ್ಮೆ ಓದಿ. ಕಾಲು ತೊಳೆಯದೆ ಸಂಧ್ಯಾವಂದನೆಗೆ ಕುಳಿತ ಒಂದು ಗಳಿಗೆಯಲ್ಲಿ ಕಲಿಪುರುಷ ನಳನನ್ನು ಹೊಕ್ಕುಬಿಡುತ್ತಾನೆ. ಅಲ್ಲಿಂದ ಮುಂದೆ ಸೋದರ ಪುಷ್ಕರನೊಡನೆ ಜೂಜಾಡುವ ಅರಸ ನೋಡುವುದಕ್ಕೆ ನಳನೇ, ದನಿಯೂ ನಳನದೇ. ಆದರೆ ಮಂತ್ರಿಗಳು ಬಂದರೂ, ಊರ ಜನ ಬಾಗಿಲಿಗೆ ಬಂದು ನಿಂತರೂ, ದಮಯಂತಿ ಅತ್ತು ಬೇಡಿಕೊಂಡರೂ ಕಿವಿಗೊಡುವುದಿಲ್ಲ. ದಮಯಂತಿ ಆಗ ಮಾಡುವುದನ್ನು ಗಮನಿಸಿ. ಅವಳು ಗಂಡನ ಮೇಲೆ ಕೈಮಾಡುವುದಿಲ್ಲ, ಅವನನ್ನು ಬಿಟ್ಟೂ ಹೋಗುವುದಿಲ್ಲ. ಸಾರಥಿ ವಾರ್ಷ್ಣೇಯನನ್ನು ಕರೆಸಿ, ನಳನಿಗೆ ಅಚ್ಚುಮೆಚ್ಚಿನ ಕುದುರೆಗಳನ್ನೇ ರಥಕ್ಕೆ ಹೂಡಿಸಿ, ಇಬ್ಬರು ಮಕ್ಕಳನ್ನೂ ತನ್ನ ತವರಾದ ಕುಂಡಿನಪುರಕ್ಕೆ ಕಳುಹಿಸಿಬಿಡುತ್ತಾಳೆ. ಅರಸನ ಅಪ್ಪಣೆಯಿಲ್ಲದೆ ಅರಸನ ರಥ, ಅರಸನ ಕುದುರೆ ಊರು ಬಿಟ್ಟವು. ಇದನ್ನು ದ್ರೋಹವೆಂದು ಇಂದಿಗೂ ಯಾರೂ ಹೇಳಿಲ್ಲ. ಸ್ವಸ್ಥನಾಗಿದ್ದ ನಳ ಯಾವುದನ್ನು ಎಲ್ಲಕ್ಕಿಂತ ಮೊದಲು ಕಾಪಾಡುತ್ತಿದ್ದನೋ ಅದನ್ನು ಅಸ್ವಸ್ಥನಾದ ನಳನ ಕೈಗೆ ಎಟುಕದಂತೆ ಮಾಡುವುದೇ ಅಲ್ಲಿಯ ನಿಷ್ಠೆ.

ಆ ಕುದುರೆಗಳ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಎಷ್ಟೋ ಕಾಲದ ಮೇಲೆ, ಕಾರ್ಕೋಟಕನೆಂಬ ಸರ್ಪದ ಕಡಿತದಿಂದ ರೂಪಗೆಟ್ಟು ಬಾಹುಕನೆಂಬ ಹೆಸರಿನಲ್ಲಿರುವ ನಳ, ಅಯೋಧ್ಯೆಯ ಅರಸ ಋತುಪರ್ಣನ ರಥ ನಡೆಸಿಕೊಂಡು ಕುಂಡಿನಪುರಕ್ಕೆ ಬರುತ್ತಾನೆ. ಲಾಯದಲ್ಲಿದ್ದ ನಳನ ಕುದುರೆಗಳು ರಥದ ಸದ್ದು ಕೇಳಿದ ಮಾತ್ರಕ್ಕೇ, ಹಿಂದೆ ಒಡೆಯನ ಸನ್ನಿಧಿಯಲ್ಲಿ ಹೇಗೋ ಹಾಗೆ, ಹರ್ಷಗೊಳ್ಳುತ್ತವೆ. ಕಲಿ ಅವನ ಮೈಬಿಟ್ಟುಹೋದದ್ದು ಅದೇ ಪ್ರಯಾಣದ ನಡುದಾರಿಯಲ್ಲಿ ಎಂಬುದನ್ನೂ ನೆನಪಿಡಿ. ಮುಖ ಬದಲಾಗಿದೆ, ಹೆಸರು ಬದಲಾಗಿದೆ, ರಥವೂ ಕುದುರೆಗಳೂ ಬೇರೆಯವರವು. ಬದಲಾಗದೆ ಉಳಿದದ್ದು ರಥ ನಡೆಸುವ ಕೈ ಮಾತ್ರ. ದಮಯಂತಿಗೂ ಅದೇ ಸದ್ದು ಕೇಳಿ ಅನುಮಾನ ಬರುತ್ತದೆ, ಆದರೆ ಅವಳು ದಾಸಿ ಕೇಶಿನಿಯನ್ನು ಕಳುಹಿಸಿ ಮತ್ತೆ ಮತ್ತೆ ಪರೀಕ್ಷಿಸಿದ ಮೇಲಷ್ಟೇ ನಂಬುತ್ತಾಳೆ. ಕುದುರೆಗಳಿಗೆ ಪರೀಕ್ಷೆ ಬೇಕಾಗಲಿಲ್ಲ. ನಿಮ್ಮ ಕೆನ್ನಾಯಿಗೆ ಹೊನ್ನಿಯನ್ನು ಗುರುತಿಸುವ ಇಂಥ ಒಂದು ಕುರುಹು, ಮಾತಿಗೂ ಮುಖಕ್ಕೂ ಸಂಬಂಧಿಸದ ಒಂದು ನಡೆ, ಇರಬೇಕು.

ಪುರಾಣವನ್ನು ಬಿಟ್ಟು ನಿಜವಾದ ಪ್ರಾಣಿಗಳತ್ತ ಬಂದರೂ ಗುರುತಿಸುವ ಶಕ್ತಿಗೆ ಆಧಾರಗಳಿವೆ. ಬರ್ಲಿನ್ನಿನಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಾನ್ಸ್ ಎಂಬ ಕುದುರೆಯೊಂದು ಲೆಕ್ಕ ಮಾಡಿ ಗೊರಸು ಬಡಿದು ಉತ್ತರ ಹೇಳುತ್ತದೆಂದು ಪ್ರಸಿದ್ಧವಾಗಿತ್ತು. 1904ರಲ್ಲಿ ತಜ್ಞರ ಸಮಿತಿಯೊಂದು ಪರೀಕ್ಷಿಸಿ ಮೋಸವೇನೂ ಕಾಣುವುದಿಲ್ಲ ಎಂದಿತು. ಬಳಿಕ ಆಸ್ಕರ್ ಫುಂಗ್ಸ್ಟ್ ಎಂಬ ಸಂಶೋಧಕ, ಕೇಳುವವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಅಥವಾ ಕೇಳುವವನು ಕುದುರೆಯ ಕಣ್ಣಿಗೆ ಬೀಳದಿದ್ದರೆ ಅದರ ಉತ್ತರ ತಪ್ಪುತ್ತದೆಂದು ತೋರಿಸಿಕೊಟ್ಟ. ಕೇಳುವವರ ತಲೆ, ಮೈ ತಮಗರಿವಿಲ್ಲದೆಯೇ ಕೂದಲೆಳೆಯಷ್ಟು ಅಲುಗುವುದನ್ನು ಹಾನ್ಸ್ ಓದುತ್ತಿತ್ತು. ಸುತ್ತ ನೆರೆದವರಿಗೆ ಮನಸ್ಸನ್ನೇ ಓದಿದಂತೆ ಕಂಡದ್ದು ಮೈಯನ್ನು ಓದುವ ವಿದ್ಯೆಯಾಗಿತ್ತು. ನಾಯಿಗಳ ವಿಷಯಕ್ಕೆ ಬಂದರೆ, ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತರಬೇತಾದ ನಾಲ್ಕು ನಾಯಿಗಳು ಒಬ್ಬನೇ ಮನುಷ್ಯನ ನೆಮ್ಮದಿಯ ಹೊತ್ತಿನ ಉಸಿರು–ಬೆವರಿನ ವಾಸನೆಯನ್ನೂ ಕಷ್ಟದ ಬಾಯಿಲೆಕ್ಕ ಮಾಡಿಸಿ ಒತ್ತಡಕ್ಕೊಳಪಡಿಸಿದ ಬಳಿಕದ ವಾಸನೆಯನ್ನೂ ಬೇರೆ ಬೇರೆಯೆಂದು ಶೇ. 93ಕ್ಕೂ ಹೆಚ್ಚು ಸಲ ಸರಿಯಾಗಿ ಹೇಳಿದವು. ಹೀಗಿರುವಾಗ ಮಾಂತ್ರಿಕ ಮನೋಬಂಧವನ್ನು ಪೂರ್ತಿ ಕೈವಶ ಮಾಡಿಕೊಂಡರೂ ಕೆನ್ನಾಯಿಯ ಮೂಗನ್ನೂ ಕಣ್ಣನ್ನೂ ವಶ ಮಾಡಿಕೊಂಡಂತಾಗುವುದಿಲ್ಲ. ಬಂಧದಲ್ಲಿ 'ಎಲ್ಲ ಸರಿಯಿದೆ' ಎಂಬ ಮಾತು ಬರುತ್ತಿರುವಾಗ ಅವಳ ಬೆವರು ಬೇರೊಂದನ್ನು ಹೇಳುತ್ತಿದ್ದರೆ ಪ್ರಾಣಿ ಯಾವುದನ್ನು ನಂಬಬೇಕು ಎಂಬುದು ಒಂದು ಇಡೀ ಅಧ್ಯಾಯಕ್ಕೆ ಸಾಕಾಗುವ ಸಾಮಗ್ರಿ. ಮರುಳಿನಲ್ಲಿ ಈ ಕುರುಹೂ ಸಿಗುವುದಿಲ್ಲ, ಅವಳು ನೆಮ್ಮದಿಯಾಗಿಯೇ ಇರುತ್ತಾಳೆ ಎಂಬುದು ಬೇರೆ ಮಾತು.

ಎಷ್ಟರಮಟ್ಟಿಗೆ ಮೀರಬಹುದು ಎಂಬುದಕ್ಕೆ ನನಗೆ ತಿಳಿದ ಅತ್ಯುತ್ತಮ ಮಾದರಿ ಅಂಧರಿಗೆ ದಾರಿ ತೋರುವ ನಾಯಿಗಳದು. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1916ರಲ್ಲಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ ಇಂಥ ನಾಯಿಗಳ ಶಾಲೆ ಶುರುವಾಯಿತು, 1929ರಲ್ಲಿ ಅಮೆರಿಕದಲ್ಲಿ ಸೀಯಿಂಗ್ ಐ ಸಂಸ್ಥೆ ಹುಟ್ಟಿತು. ಈ ನಾಯಿಗಳು ಮೊದಲು ಆದೇಶ ಪಾಲಿಸುವುದನ್ನು ಕಲಿಯುತ್ತವೆ, ಆಮೇಲೆ ಪಾಲಿಸದಿರುವುದನ್ನು ಕಲಿಯುತ್ತವೆ. ಒಡೆಯ 'ಮುಂದೆ' ಎನ್ನುತ್ತಾನೆ. ಸದ್ದಿಲ್ಲದ ಕಾರೊಂದು ತಿರುವಿನಲ್ಲಿ ಬರುತ್ತಿದೆ. ನಾಯಿ ಕದಲುವುದಿಲ್ಲ, ಬೇಕಾದರೆ ಅಡ್ಡ ನಿಲ್ಲುತ್ತದೆ. ಇದನ್ನು ತರಬೇತುದಾರರು ಬುದ್ಧಿಪೂರ್ವಕ ಅವಿಧೇಯತೆ ಎನ್ನುತ್ತಾರೆ. ಇದರ ಎಲ್ಲೆ ಬಹಳ ಕಿರಿದು ಎಂಬುದೇ ಇದರ ಸೊಗಸು. ಒಡೆಯ ಬ್ಯಾಂಕಿಗೆ ಹೋಗಬೇಕೋ ಮಾರುಕಟ್ಟೆಗೆ ಹೋಗಬೇಕೋ ಎಂಬುದನ್ನು ನಾಯಿ ತೀರ್ಮಾನಿಸುವುದಿಲ್ಲ. ಕಣ್ಣೆದುರಿನ ಅಪಾಯಕ್ಕೆ ಮಾತ್ರ ಅದು 'ಒಲ್ಲೆ' ಎನ್ನುತ್ತದೆ, ಅಪಾಯ ದಾಟಿದೊಡನೆ ಮತ್ತೆ ಮಾತು ಕೇಳುತ್ತದೆ.

ಈ ಕಿರಿದಾದ ಎಲ್ಲೆ ಏಕೆ ಬೇಕೆಂದರೆ, ಮನುಷ್ಯರು ಪರವಶರಾಗದೆಯೂ ಬದಲಾಗುತ್ತಾರೆ. ಹೊನ್ನಿ ಸಿಟ್ಟಿನಲ್ಲಿ ಕೆಟ್ಟ ಆದೇಶ ಕೊಡಬಹುದು; ಅಣ್ಣ ಸತ್ತ ದುಃಖದಲ್ಲಿ ಊರನ್ನೇ ದ್ವೇಷಿಸಬಹುದು; ಯೋಚಿಸಿ ನೋಡಿಯೇ ಪಕ್ಷ ಬದಲಿಸಬಹುದು. ಕೆನ್ನಾಯಿ ತನಗೆ ಒಪ್ಪಿಗೆಯಾಗದ ಪ್ರತಿಯೊಂದು ಆದೇಶಕ್ಕೂ 'ಇವಳು ನನ್ನ ಹೊನ್ನಿಯಲ್ಲ' ಎಂದು ಹಟ ಹಿಡಿದರೆ ಅದು ಸಂಗಾತಿಯಾಗಿ ಉಳಿಯುವುದಿಲ್ಲ, ಅವಳ ಮೇಲೆ ಕಾವಲುಗಾರನಾಗುತ್ತದೆ. ನಿಷ್ಠೆಯ ಹೆಸರಿನಲ್ಲಿ ಒಬ್ಬರ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳುವುದರಲ್ಲಿ ಮಾಂತ್ರಿಕನಿಗೂ ಅಂಥ ಪ್ರಾಣಿಗೂ ವ್ಯತ್ಯಾಸ ತೀರ ಕಡಿಮೆ. ಹಾಗಾಗಿ ಅನುಮಾನವಿದ್ದಾಗ ಅದು ಮಾಡಬೇಕಾದ್ದು ತಡ ಮಾಡುವುದು: ಅಡ್ಡ ನಿಲ್ಲುವುದು, ಆದೇಶ ಕೇಳಿಸದಂತಿರುವುದು, ಬೀಗದ ಕೈಯನ್ನು ಕಚ್ಚಿಕೊಂಡು ಓಡುವುದು. ನಿಜವಾದ ಹೊನ್ನಿ ಮರಳಿ ಬಂದು ಸರಿಪಡಿಸಲಾಗದಂಥ ಕೆಲಸವನ್ನು ಮಾತ್ರ ಅದು ಬಲಪ್ರಯೋಗದಿಂದ ತಡೆಯಲಿ. ಬಾಗಿಲು ತೆರೆಯುವುದು ಅಂಥದ್ದು. ಮಾಂತ್ರಿಕನ ಪಕ್ಕದಲ್ಲಿ ಕುಳಿತು ಊಟ ಮಾಡುವುದು ಅಂಥದ್ದಲ್ಲ.

ನೀವು ಕೇಳದ, ಆದರೆ ಮಾಂತ್ರಿಕನಿಗೆ ಖಂಡಿತ ಹೊಳೆಯುವ ಒಂದು ಉಪಾಯವಿದೆ. 'ಇಂದಿನಿಂದ ಇವನೇ ನಿನ್ನ ಒಡೆಯ' ಎಂದು ಹೊನ್ನಿಯ ಬಾಯಲ್ಲೇ ಹೇಳಿಸಿಬಿಟ್ಟರೆ? ಪ್ರಾಣಿಯನ್ನು ಕೈಯಿಂದ ಕೈಗೆ ಕೊಡುವುದು ಅಪರೂಪವಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ಶಾಸನ ಇದಕ್ಕೆ ಸಾಕ್ಷಿ. ಗಂಗರ ಅರಸ ಬೂತುಗ ತನ್ನ ಬಂಟ ಮಣಲೆರನ ಶೌರ್ಯಕ್ಕೆ ಮೆಚ್ಚಿ ಬೇಡಿಕೋ ಎಂದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಹೊಸ ಒಡೆಯನ ಮಾತಿನ ಮೇಲೆ ಕಾಡುಹಂದಿಯೊಡನೆ ಕಾದಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಮಣಲೆರ ಅದಕ್ಕೆ ಕಲ್ಲು ನಿಲ್ಲಿಸಿದ. ಅಲ್ಲಿ ಕೊಟ್ಟವನು ಸ್ವಂತ ಮನಸ್ಸಿನಿಂದ ಕೊಟ್ಟಿದ್ದ. ಹೊನ್ನಿಯದು ಹಾಗಲ್ಲ. ಇದನ್ನು ತೂಗಲು ನಮ್ಮ 1872ರ ಕರಾರು ಕಾಯಿದೆಯ 19ನೆಯ ಕಲಮಿನ ತರ್ಕ ಚೆನ್ನಾಗಿ ಒದಗುತ್ತದೆ. ಬಲಾತ್ಕಾರದಿಂದ ಒಪ್ಪಿಗೆ ಪಡೆದ ಕರಾರು ತಾನಾಗಿಯೇ ಬಿದ್ದುಹೋಗುವುದಿಲ್ಲ. ಬಲಾತ್ಕಾರಕ್ಕೆ ಒಳಗಾದವರು ಬೇಕೆಂದರೆ ಅದನ್ನು ರದ್ದುಪಡಿಸಬಹುದು, ಬೇಕೆಂದರೆ ಊರ್ಜಿತವಾಗಿ ಉಳಿಸಿಕೊಳ್ಳಬಹುದು. ಅಂದರೆ ಆಯ್ಕೆ ಮತ್ತೆ ಹೊನ್ನಿಯ ಕೈಗೇ ಬರುತ್ತದೆ. ಅವಳು ಎಚ್ಚರಗೊಂಡು ಆಯ್ಕೆ ಮಾಡುವವರೆಗೆ ಆ ಹಸ್ತಾಂತರ ತೂಗುಯ್ಯಾಲೆಯಲ್ಲಿರಲಿ. ಈ ಅವಧಿಯಲ್ಲಿ ಕೆನ್ನಾಯಿ ಮಾಂತ್ರಿಕನ ಬೆನ್ನ ಹಿಂದೆ ನಡೆದರೂ ಅವನದಾಗಿರುವುದಿಲ್ಲ.

ಈಗ ಆಟದ ನಿಯಮಗಳು. ನೀವು ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ಆವೃತ್ತಿಯನ್ನು ಆಡುತ್ತಿದ್ದೀರೆಂದು ಇಟ್ಟುಕೊಂಡು ಹೇಳುತ್ತೇನೆ. ಫೈಂಡ್ ಫೆಮಿಲಿಯರ್ ಮಂತ್ರದಿಂದ ಬರುವುದು ಪ್ರಾಣಿರೂಪ ತಾಳಿದ ಒಂದು ಚೇತನ. ನೂರು ಅಡಿಯೊಳಗೆ ಒಡೆಯನೊಡನೆ ಅದು ಮನಸ್ಸಿನಲ್ಲೇ ಮಾತಾಡುತ್ತದೆ, ಸ್ವತಂತ್ರವಾಗಿ ನಡೆದುಕೊಂಡರೂ ಒಡೆಯನ ಆದೇಶವನ್ನು ಯಾವಾಗಲೂ ಪಾಲಿಸುತ್ತದೆ ಎಂದು ನಿಯಮವೇ ಹೇಳುತ್ತದೆ. ಅಕ್ಷರಶಃ ಓದಿದರೆ ಪರವಶನಾದ ಒಡೆಯನ ಆದೇಶಕ್ಕೂ ಅದು ತಲೆಬಾಗಬೇಕು. ಆ ಪ್ರಾಣಿಗೆ ದಾಳಿ ಮಾಡುವ ಶಕ್ತಿ ಇಲ್ಲದ್ದರಿಂದ ಆಟದಲ್ಲಿ ಅನಾಹುತ ದೊಡ್ಡದಾಗುವುದಿಲ್ಲ. ಸ್ಯೂಡೋಡ್ರ್ಯಾಗನ್ ಎಂಬ ಪುಟ್ಟ ಡ್ರ್ಯಾಗನ್ ಫೆಮಿಲಿಯರ್ ಆಗಿ ಸೇರುವ ಐಚ್ಛಿಕ ನಿಯಮದಲ್ಲಾದರೋ ಅದು ಯಾವ ಕಾರಣಕ್ಕಾದರೂ, ಯಾವಾಗ ಬೇಕಾದರೂ ಸೇವೆ ಬಿಟ್ಟು ಬಂಧವನ್ನು ಕಡಿದುಕೊಳ್ಳಬಹುದು. ನಿಮ್ಮ ಕೆನ್ನಾಯಿಗೆ ನಾನು ಆ ಹಕ್ಕನ್ನೇ ಕೊಡುತ್ತಿದ್ದೆ, ಆದರೆ ಅದನ್ನು ಚಲಾಯಿಸಲು ಬಿಡುತ್ತಿರಲಿಲ್ಲ.

ಮಾಂತ್ರಿಕನ ಕಡೆಯಿಂದ ನೋಡಿದರೆ ಡಾಮಿನೇಟ್ ಪರ್ಸನ್ ಮಂತ್ರ ಮನುಷ್ಯರ ಮತ್ತು ಮನುಷ್ಯರನ್ನು ಹೋಲುವ ಜೀವಿಗಳ ಮೇಲೆ ಮಾತ್ರ ನಡೆಯುತ್ತದೆ. ಪ್ರಾಣಿಯನ್ನು ವಶ ಮಾಡಿಕೊಳ್ಳಲು ಡಾಮಿನೇಟ್ ಬೀಸ್ಟ್ ಎಂಬ ಬೇರೆಯೇ ಮಂತ್ರ ಬೇಕು, ಎರಡಕ್ಕೂ ಏಕಾಗ್ರತೆ ಅಗತ್ಯವಾದ್ದರಿಂದ ಒಬ್ಬನೇ ಮಾಂತ್ರಿಕ ಎರಡನ್ನೂ ಒಟ್ಟಿಗೆ ಹಿಡಿದಿರಲಾರ. ಒಡತಿ ವಶವಾದರೆ ಪ್ರಾಣಿಯೂ ತಾನಾಗಿ ವಶವಾಯಿತೆಂದು ಆಟ ನಡೆಸುವ ನಿಮ್ಮ ಡಂಜನ್ ಮಾಸ್ಟರ್ ಹೇಳಿದರೆ ಒಪ್ಪಬೇಡಿ. ಇನ್ನೊಂದು ಸೂಕ್ಷ್ಮ ಇನ್ನೂ ಸ್ವಾರಸ್ಯಕರ: ವಶಕ್ಕೊಳಗಾದವರಿಗೆ ಗಾಯವಾದಾಗಲೆಲ್ಲ ಮಂತ್ರದಿಂದ ಬಿಡಿಸಿಕೊಳ್ಳಲು ಇನ್ನೊಂದು ಸಲ ಡೈಸ್ ಉರುಳಿಸುವ ಅವಕಾಶ ಸಿಗುತ್ತದೆ. ಎಂದರೆ ಈ ಆಟದಲ್ಲಿ ಒಡತಿಯ ಮುಂಗೈಯನ್ನು ಕಚ್ಚಿ ರಕ್ತ ಬರಿಸುವ ಪ್ರಾಣಿಯೇ ಅವಳನ್ನು ಬಿಡಿಸಬಲ್ಲದು! ನಿಯಮ ಬರೆದವರ ಉದ್ದೇಶ ಏನೇ ಇರಲಿ, ನಿಮ್ಮ ಗೆಳೆಯರ ವಾದವನ್ನು ಬುಡಮೇಲು ಮಾಡಲು ಅದೊಂದೇ ಸಾಕು. ರೇಂಜರ್ ಎಂಬ ಬಗೆಯ ಪಾತ್ರದ ಸಂಗಾತಿ ಪ್ರಾಣಿಯ ನಿಯಮದಲ್ಲೂ ಒಂದು ಬಿರುಕಿದೆ. ಒಡೆಯ ನಿಷ್ಕ್ರಿಯನಾದರೆ ಪ್ರಾಣಿ ತನ್ನ ಬುದ್ಧಿಯಂತೆ ನಡೆಯಬಹುದೆಂದು ಅದು ಹೇಳುತ್ತದೆ, ಪರವಶನಾದರೆ ಏನು ಎಂಬುದನ್ನು ಹೇಳುವುದಿಲ್ಲ. ಪರವಶತೆಯನ್ನೂ ನಿಷ್ಕ್ರಿಯತೆಯೆಂದೇ ಎಣಿಸಬೇಕೆಂದು ಮೇಜಿನ ಸುತ್ತ ಕುಳಿತವರೆಲ್ಲ ಆಟಕ್ಕೆ ಮೊದಲೇ ಒಪ್ಪಿಕೊಂಡುಬಿಡಿ; ನಡು ಆಟದಲ್ಲಿ ಇದನ್ನು ಎತ್ತಿದರೆ ಜಗಳ ಖಚಿತ.

ಪ್ರಾಣಿಯ ಆಯ್ಕೆಯ ಬಗ್ಗೆಯೂ ಒಂದು ಮಾತು. ಕೆನ್ನಾಯಿ ಸಾಕುನಾಯಿಯಲ್ಲ, ಗುಂಪಿನಲ್ಲಿ ಬೇಟೆಯಾಡಿ ಗುಂಪಿನಲ್ಲೇ ಮರಿ ಬೆಳೆಸುವ ಜೀವ. ಬೇಟೆಯಿಂದ ಮರಳಿದ ದೊಡ್ಡವು ಗೂಡಿನ ಮರಿಗಳಿಗೆ ಮಾಂಸವನ್ನು ಕಕ್ಕಿ ತಿನ್ನಿಸುತ್ತವೆ, ಚದುರಿದಾಗ ಸಿಳ್ಳೆ ಹಾಕಿ ಒಂದುಗೂಡುತ್ತವೆ. ಅಂಥ ಜೀವಕ್ಕೆ ಹೊನ್ನಿ ಒಬ್ಬಳೇ ಲೋಕವಾಗಿರುವುದಕ್ಕಿಂತ ಹೊನ್ನಿಯ ಮನೆಮಂದಿಯೆಲ್ಲ ಒಂದು ಗುಂಪಾಗಿರುವುದು ಹೆಚ್ಚು ಸಹಜ. ಗುಂಪಿನ ಒಬ್ಬರು ಉಳಿದವರ ಮೇಲೆ ತಿರುಗಿಬಿದ್ದಾಗ ಅದಕ್ಕೆ ದಿಕ್ಕು ತಪ್ಪುವುದಿಲ್ಲ. ನಮ್ಮ ಆನೆ ಶಿಬಿರಗಳಲ್ಲಿ ಒಂದೊಂದು ಆನೆಗೂ ಮಾವುತನೂ ಅವನ ಸಹಾಯಕನಾದ ಕಾವಾಡಿಯೂ ಇರುವಂತೆ, ನಿಮ್ಮ ಕಥೆಯಲ್ಲೂ ಕೆನ್ನಾಯಿಗೆ ಎರಡನೆಯ ಒಬ್ಬರ ಬಳಕೆ ಇರಲಿ: ಅಜ್ಜಿಯೋ, ತಮ್ಮನೋ. ಅವರೊಡನೆ ಅದಕ್ಕೆ ಮನೋಬಂಧ ಬೇಡ, ವಾಸನೆಯ ಪರಿಚಯವಿದ್ದರೆ ಸಾಕು. ಬಾಗಿಲ ಬಳಿ ಅದು ಓಡಿಹೋಗಿ ಎಬ್ಬಿಸಬೇಕಾದವರು ಅವರೇ.

ಕಚ್ಚಿಸುವುದಾದರೆ ಅದರ ಬೆಲೆಯನ್ನೂ ಬರೆಯಿರಿ. ಬಂಧದಲ್ಲಿ ನೋವೂ ಹರಿಯುತ್ತದೆಂದು ಮೊದಲೇ ಹೇಳಿದ್ದರೆ, ಹೊನ್ನಿಯ ಮುಂಗೈಗೆ ಊರಿದ ಹಲ್ಲಿನ ನೋವು ಕೆನ್ನಾಯಿಗೂ ಆಗುತ್ತದೆ. ಹೊನ್ನಿ ಬಿಡುಗಡೆಯಾದ ಮರುಕ್ಷಣವೇ ಎಲ್ಲ ಮೊದಲಿನಂತಾಗುವುದೂ ಬೇಡ. ಮರುಳಿನಲ್ಲಿದ್ದಾಗ ಕೊಟ್ಟ ಆದೇಶಗಳು ಅವಳಿಗೆ ನೆನಪಿರಲಿ, ಕೆನ್ನಾಯಿಗೂ ನೆನಪಿರಲಿ. ಅವಳು 'ಬಾ' ಎಂದಾಗ ಅದು ಕೆಲವು ವಾರ ಒಮ್ಮೆ ಮೂಸಿ ನೋಡಿ ಆಮೇಲೆ ಬರಲಿ, ಹಾಗೆ ಮೂಸುವುದನ್ನು ಕಂಡು ಅವಳಿಗೆ ನೋವಾಗಲಿ. ಇನ್ನು ಇದೆಲ್ಲ ಓದುಗರಿಗೆ ದಿಢೀರನೆ ಬಂದಂತೆ ಅನ್ನಿಸಬಾರದೆಂದರೆ, ಮಾಂತ್ರಿಕ ಕಥೆಗೆ ಕಾಲಿಡುವ ಎಷ್ಟೋ ಮುಂಚೆ ಕೆನ್ನಾಯಿ ಹೊನ್ನಿಯ ಮಾತನ್ನು ಒಮ್ಮೆ ಮೀರಬೇಕು. ಮಳೆಗಾಲದ ತುಂಬಿದ ಹೊಳೆಗೆ ಇಳಿ ಎಂದು ಅವಳು ಹೇಳಿದಾಗ ಅದು ದಡದಲ್ಲಿ ಅಡ್ಡ ನಿಂತು ಹಲ್ಲು ಕಿರಿಯಲಿ, ಅವಳು ಬೈದು ಅರ್ಧ ದಿನ ಮಾತು ಬಿಡಲಿ, ನೀರು ಇಳಿದ ಮೇಲೆ ಇಬ್ಬರೂ ಒಟ್ಟಿಗೆ ಹೊಳೆ ದಾಟಲಿ. ಆ ಘಟನೆಯನ್ನು ನಾಲ್ಕೈದು ಸಾಲಿನಲ್ಲಿ ಮುಗಿಸಿ, ಅದರ ಅರ್ಥವನ್ನು ವಿವರಿಸಲು ಹೋಗದೆ ಮುಂದಿನ ಅಧ್ಯಾಯಕ್ಕೆ ಹೋಗಿಬಿಡಿ.